ಒಂದು ಸೇರು ಬಿಕ್ಕಳಿಕೆ

ನಮ್ಮೂರಿನ ಶೋಧಶಾಲೆಯಲ್ಲಿ ಒಂದು ಕೋಣೆಗೆ ವರ್ಷಕ್ಕೆ ಒಂದು ಪಾವು ಬಿಕ್ಕಳಿಕೆ. ಕೋಣೆಗೆ ಕಿಟಕಿ ಬೇಕೆಂದರೆ ಅಚ್ಚೇರು. ಕಿಟಕಿಯಿಂದ ಪಕ್ಕದ ಗೋಡೆಯಲ್ಲದೆ ಬೇರೇನಾದರೂ ಕಾಣಬೇಕೆಂದರೆ ಮುಕ್ಕಾಲು ಸೇರು. ಒಂದು ಸೇರು ತುಂಬಿದವರ ಕುರ್ಚಿಗೆ ಕೈಗಳಿರುತ್ತವೆ, ಬಾಗಿಲಲ್ಲಿ ಜವಾನನಿರುತ್ತಾನೆ. ಅವರು ಕ್ಷೌರಕ್ಕೆ ಕೂತಾಗ ಊರಲ್ಲಿ ಡಂಗುರ ಸಾರಿ, ಅಷ್ಟು ಹೊತ್ತು ಯಾರೂ ಅವರ ಹೆಸರೆತ್ತದಂತೆ ಬಾಯಿ ಮುಚ್ಚಿಸುತ್ತಾರೆ. ಇಲ್ಲವಾದರೆ ಕತ್ತಿ ಜಾರಿ ಕೆನ್ನೆ ಕುಯ್ಯುತ್ತದೆ. ಪಾವು ತುಂಬದವರಿಗೆ ಒಂದು ಗೋಣಿಚೀಲ ಕೊಡುತ್ತಾರೆ, ಸಾಮಾನು ತುಂಬಿಕೊಂಡು ಹೋಗುವುದಕ್ಕೆ. ಅಲ್ಲಿ ಪುಕ್ಕಟೆ ಸಿಗುವುದು ಅದೊಂದೇ.

ಬಿಕ್ಕಳಿಕೆಯನ್ನು ಪಾವು ಸೇರಿನಲ್ಲಿ ಹೇಗೆ ಅಳೆಯುತ್ತೀರಿ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಬಹಳ ಸುಲಭ. ಪ್ರತಿ ಶೋಧಕರ ಹಿಂದೆ ಒಬ್ಬ ಎಣಿಕೆಯವನಿರುತ್ತಾನೆ. ಅವರು ಒಮ್ಮೆ ಬಿಕ್ಕಳಿಸಿದರೆ ಇವನು ಗಡಿಗೆಗೆ ಒಂದು ಹುಣಸೆಬೀಜ ಹಾಕುತ್ತಾನೆ. ನಮ್ಮೂರಲ್ಲಿ ಬಿಕ್ಕಳಿಕೆ ಬರುವುದು ಒಂದೇ ಕಾರಣಕ್ಕೆ. ಊರೊಳಗೆ ಎಲ್ಲೇ ಆಗಲಿ ಯಾರಾದರೂ ‘ಇಂಥದ್ದನ್ನು ಇಂಥವರು ಕಂಡುಹಿಡಿದರು’ ಎಂದು ಬಾಯಿಬಿಟ್ಟು ಹೇಳಿದರೆ, ಆ ಇಂಥವರಿಗೆ ಇದ್ದಲ್ಲೇ ಒಂದು ಬಿಕ್ಕಳಿಕೆ. ಬೇರೆ ಊರುಗಳಲ್ಲಿ ಬಿಕ್ಕಳಿಸಿದರೆ ‘ಯಾರೋ ನೆನೆಸಿಕೊಂಡರು’ ಅಂದುಕೊಂಡು ನೀರು ಕುಡಿದು ಮರೆತುಬಿಡುತ್ತಾರಂತೆ. ನಾವು ಮರೆಯುವುದಿಲ್ಲ. ಬೀಜ ಹಾಕುತ್ತೇವೆ, ವರ್ಷಕ್ಕೊಮ್ಮೆ ಅಳತೆಯ ದಿನ ಗಡಿಗೆಗಳನ್ನೆಲ್ಲ ಕಟ್ಟೆಗೆ ತಂದು ಅಳೆಯುತ್ತೇವೆ, ಯಾರ ಶೋಧ ಎಷ್ಟು ಶ್ರೇಷ್ಠವೆಂದು ಊಟದ ಹೊತ್ತಿಗೆಲ್ಲ ತೀರ್ಮಾನವಾಗಿರುತ್ತದೆ. ಹಿಂದಿನ ಕಾಲದಲ್ಲಿ ಹಿರಿಯರು ಒಬ್ಬೊಬ್ಬರ ಕೆಲಸವನ್ನೂ ಕೂತು ಓದಿ, ಹೊಲಕ್ಕೆ ಹೋಗಿ ನೋಡಿ, ತಮ್ಮತಮ್ಮಲ್ಲೇ ಜಗಳಾಡಿ, ಒಳ್ಳೆಯದೋ ಕೆಟ್ಟದ್ದೋ ಹೇಳಬೇಕಿತ್ತಂತೆ. ಪಾಪ, ಎಷ್ಟು ಕಷ್ಟ. ಅದಕ್ಕೆ ತಲೆ ಬೇಕಿತ್ತು. ಇದಕ್ಕೆ ಪಾವು ಇದ್ದರೆ ಸಾಕು.

ನನ್ನ ಖಾನಾವಳಿ ಶೋಧಶಾಲೆಯ ಬಾಗಿಲಿಗೆ ಎದುರು. ಅವರು ಏನೇನು ಕಂಡುಹಿಡಿಯುತ್ತಾರೋ ನನಗೆ ತಿಳಿಯುವುದಿಲ್ಲ, ಆದರೆ ಊಟಕ್ಕೆ ಕೂತಾಗ ಮನುಷ್ಯ ಎಂಥವನೆಂದು ತಿಳಿಯುತ್ತದೆ. ಮೊದಲನೆಯದಾಗಿ, ಶೋಧಕರು ನೀರು ಕುಡಿಯುವುದಿಲ್ಲ. ಬಿಕ್ಕಳಿಕೆ ನಿಂತುಹೋದರೆ? ಕೂತ ಕೂಡಲೇ ಲೋಟ ಬೋರಲು ಹಾಕುತ್ತಾರೆ. ಖಾರದ ಬದನೆಕಾಯಿ ಪಲ್ಯ ತಿಂದು ಕಣ್ಣಲ್ಲಿ ನೀರು ಸುರಿಸುತ್ತಾರೆಯೇ ಹೊರತು ಗಂಟಲಿಗೆ ಒಂದು ಹನಿ ಇಳಿಸುವುದಿಲ್ಲ. ಎರಡನೆಯದಾಗಿ, ಒಬ್ಬೊಬ್ಬರೇ ಊಟ ಮಾಡುವುದಿಲ್ಲ. ಒಂದು ಪಂಕ್ತಿಯವರು ನನ್ನಲ್ಲಿ ವರ್ಷಗಳಿಂದ ಒಟ್ಟಿಗೇ ಕೂರುತ್ತಾರೆ. ಮೊಸರು ಹೆಪ್ಪುಗಟ್ಟುವುದನ್ನು ನೋಡುವವರು ನೆರಳಿನ ಉದ್ದ ಅಳೆಯುವವರ ಹೆಸರು ಹೇಳುತ್ತಾರೆ. ನೆರಳಿನವರು ಬಿಕ್ಕಳಿಸಿ, ಬಾಯಿ ಒರೆಸಿಕೊಂಡು, ಇರುವೆಯವರ ಹೆಸರು ಹೇಳುತ್ತಾರೆ. ಇರುವೆಯವರು ಮತ್ತೆ ಮೊಸರಿಗೆ ಬರುತ್ತಾರೆ. ಪಂಕ್ತಿ ಮುಗಿಯುವಷ್ಟರಲ್ಲಿ ಎಲ್ಲರಿಗೂ ಹೊಟ್ಟೆಯೂ ತುಂಬಿರುತ್ತದೆ, ಗಡಿಗೆಯೂ ತುಂಬಿರುತ್ತದೆ. ಅವರಿಗೆ ಬೇಳೆಸಾರು ಬಡಿಸುವಾಗ ಮಾತ್ರ ನಾನು ಒಂದು ಮಾರು ದೂರ ನಿಲ್ಲುತ್ತೇನೆ.

ಶೋಧಶಾಲೆಯ ಯಜಮಾನರು ಪಂಪಣ್ಣನವರು. ಮೂರು ಸೇರಿನ ಆಸಾಮಿ. ಜೋಳದ ತೆನೆಗೆ ಕಾಡಿಗೆ ರೋಗ ಬಂದು ಕಾಳೆಲ್ಲ ಕರಿ ಹುಡಿಯಾಗುತ್ತದಲ್ಲ, ಅದು ಏಕೆಂದು ಅವರು ಪ್ರಾಯದಲ್ಲೇ ಕಂಡುಹಿಡಿದಿದ್ದರು. ತೆನೆಯ ಮೇಲೆ ಕಾಗೆ ಕೂರುತ್ತದೆ, ಅದರ ಬಣ್ಣ ತೆನೆಗೆ ಹತ್ತುತ್ತದೆ. ಊರಿನವರು ಆ ವರ್ಷ ಬೇರೆ ಕೆಲಸ ಬಿಟ್ಟು ಕಾಗೆ ಓಡಿಸಿದರು. ಕಾಡಿಗೆ ಕಡಿಮೆಯಾಗಲಿಲ್ಲ. ಕಾಗೆ ತಿನ್ನುತ್ತಿದ್ದ ಹುಳುಗಳು ಮಾತ್ರ ನೆಮ್ಮದಿಯಾಗಿ ಬಂದು ಉಳಿದದ್ದನ್ನೂ ತಿಂದವು. ಅಂದಿನಿಂದ ಇಂದಿನವರೆಗೆ ಹೊಲದಲ್ಲಿ, ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ ಜನ ಬಯ್ಯುತ್ತಲೇ ಇದ್ದಾರೆ: ‘ಕಾಗಿಯಿಂದ ಕಾಡಿಗೆ ಬರತೈತಿ ಅಂತ ಆ ಪಂಪಣ್ಣ ಕಂಡುಹಿಡದಾನಂತ, ಅವನ ತಲಿ!’ ಬೈದಷ್ಟೂ ಬಿಕ್ಕಳಿಕೆ, ಬಿಕ್ಕಳಿಸಿದಷ್ಟೂ ಬೀಜ. ಹೊಗಳಿ ಹೇಳಿದ್ದಕ್ಕೂ ಬೈದು ಹೇಳಿದ್ದಕ್ಕೂ ಹುಣಸೆಬೀಜ ಒಂದೇ ಬಣ್ಣ. ಹಾಗೆ ಅವರು ಯಜಮಾನರಾದರು. ಅವರ ಮೇಲೆ ಸಿಟ್ಟಿದ್ದವರೇ ಅವರನ್ನು ಆ ಕುರ್ಚಿಗೆ ಏರಿಸಿದ್ದು, ಇಳಿಸಬೇಕೆಂದು ಕೂಗಿದವರೇ ಅಲ್ಲಿ ಉಳಿಸಿದ್ದು. ಮನುಷ್ಯ ಕೆಟ್ಟವರಲ್ಲ. ಊಟ ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನುತ್ತಾರೆ.

ಆ ಶೋಧಶಾಲೆಯಲ್ಲಿ ನೀರು ಕುಡಿಯುತ್ತಿದ್ದವಳು ಒಬ್ಬಳೇ, ಚಂಪಾವತಿ. ಮೂವತ್ತು ದಾಟಿದ ಹೆಣ್ಣುಮಗಳು, ಮಾತು ಕಡಿಮೆ, ಬಿಸಿಲಿಗೆ ಮುಖ ಕಪ್ಪಾಗಿತ್ತು. ಶೋಧಶಾಲೆಯ ಹಿಂದಿನ ತುಂಡು ಹೊಲದಲ್ಲಿ ಜೋಳ ಬೆಳೆಯುತ್ತಿದ್ದಳು. ಕಾಡಿಗೆ ಬರುವುದು ಬಿತ್ತುವ ಬೀಜದ ಮೈಗೆ ಅಂಟಿದ ಹುಡಿಯಿಂದ ಎಂದು ಅವಳು ಬಂದ ಎರಡನೆಯ ವರ್ಷವೇ ಕಂಡುಕೊಂಡಿದ್ದಳು. ಒಂದು ಸಲ, ಮೆಲ್ಲಗೆ, ರೈತರಿಗೆ ಹೇಳಿದಳು. ಅವರು ಹೌದೆನಿಸಿ ‘ಹೂಂ’ ಅಂದರು, ಎದ್ದು ಹೋದರು. ಅಷ್ಟಕ್ಕೇ ಅವಳು ಸುಮ್ಮನಾಗಲಿಲ್ಲ. ಗುಡ್ಡದ ಕಡೆ ಒಂದು ಒರಟು ಜೋಳವಿದೆ, ಕಲ್ಲಿನಂಥ ಕಾಳು, ತಿನ್ನಲು ಬಾರದು, ಆದರೆ ಅದಕ್ಕೆ ಕಾಡಿಗೆ ಹತ್ತುವುದಿಲ್ಲ. ಅದನ್ನೂ ನಮ್ಮ ಮೆತ್ತನೆಯ ಬಿಳಿಜೋಳವನ್ನೂ ಕೂಡಿಸಿ, ಕೂಡಿಸಿದ್ದನ್ನು ಮತ್ತೆ ಕೂಡಿಸಿ, ಕಾಡಿಗೆ ಹತ್ತದ ಸಿಹಿ ಜೋಳವೊಂದನ್ನು ಮಾಡುತ್ತಿದ್ದಳು. ಇನ್ನೊಂದು ಸಲ ಕೂಡಿಸಿದರೆ ಕೆಲಸ ಮುಗಿಯುತ್ತದೆ ಅನ್ನುತ್ತಿದ್ದಳು. ಅವಳ ಗಡಿಗೆಯಲ್ಲಿ ಮಾತ್ರ ತಳ ಮುಚ್ಚುವಷ್ಟೂ ಬೀಜವಿರಲಿಲ್ಲ. ಅವಳ ಎಣಿಕೆಯವನು ಫಕೀರಪ್ಪ ಹೊಲದ ಬದುವಿನ ಬೇವಿನ ಮರದ ಕೆಳಗೆ ಮಲಗಿ ಮಲಗಿ ದಪ್ಪಗಾಗಿದ್ದ.

ಆ ಚಳಿಗಾಲ ಜೋಳ ಹೂವಿಗೆ ಬರುವ ಹೊತ್ತಿಗೆ ಪಂಪಣ್ಣನವರು ನನ್ನ ಖಾನಾವಳಿಯಲ್ಲಿ ಅವಳ ಎದುರು ಬಂದು ಕೂತರು.

“ತಂಗಿ, ನೀ ಬಂದು ಎಷ್ಟ ವರ್ಷ ಆತವಾ?”

“ಇದು ಐದನೇ ಹಿಂಗಾರಿ ರೀ.”

“ಗಡಿಗಿ ತಳಾ ಸೈತ ಮುಚ್ಚಿಲ್ಲಲ್ಲ. ಹೊಸಬರಿಗಂತ ನಾಲ್ಕು ವರ್ಷ ಬಿಟ್ಟದ್ದಾತು. ಅಳತಿ ದಿನ ಬಂತು. ಈ ಸಲ ನಿನಗ ಚೀಲಾ ಕೊಡೂದ ಆಗತದ. ನಿನ್ನ ಹೊಲದಾಗ ಕಾಗಿ ನೋಡಾಕ ಒಂದು ಅಟ್ಟಾ ಕಟ್ಟಬೇಕಂತ ಕಮಿಟಿಯವರು ಅನ್ನಾಕತ್ತಾರ.”

“ಇದೊಂದ ಹೂವು ದಾಟಿದ್ರ ಕೆಲಸಾ ಮುಗೀತದ್ರಿ. ಮುಗದ ಮ್ಯಾಲೆ ನಾನ ಎಲ್ಲಾರಿಗೂ ಹೇಳ್ತೀನಿ.”

“ಮುಗದ ಮ್ಯಾಲೆ ಹೇಳಾಂವ ಮನಿ ಕಟ್ಟೂ ಗೌಂಡಿ, ಶೋಧಕ ಅಲ್ಲ. ನನ್ನ ಮಾತ ಕೇಳು. ಏನರೆ ಒಂದು ತಪ್ಪು ಹೇಳಿಬಿಡು. ಚೊಲೋ ದೊಡ್ಡ ತಪ್ಪು. ಖರೇದ್ದು ಹೇಳಿದಿ ಅಂದ್ರ ಜನ ಹೂಂ ಅಂತಾರ, ಮನೀಗೆ ಹೋಗಿ ಮಲಗ್ತಾರ. ತಪ್ಪು ಹೇಳಿದಿ ಅಂದ್ರ ನಿನ್ನ ಹೆಸರ ಹಿಡಕೊಂಡು ಬಡದಾಡ್ತಾರ. ನಾ ಕಾಗಿ ಮ್ಯಾಲೆ ಮೂರು ಸೇರ ಮಾಡ್ಲಿಲ್ಲೇನು?” ಅಷ್ಟರಲ್ಲಿ ಎಲ್ಲೋ ಯಾರೋ ಬೈದಿರಬೇಕು, ಅವರು ಬಿಕ್ಕಳಿಸಿದರು. ಅವರ ಎಣಿಕೆಯವನು ಊಟದ ಕೈಯಲ್ಲೇ ಬೀಜ ಹಾಕಿದ.

“ನಾ ಹೇಳಿದ ತಪ್ಪನ್ನ ಜನ ನಂಬಿಬಿಟ್ರ?”

“ನಂಬಿದ್ರ ಇನ್ನೂ ಚೊಲೋ ಆತಲ್ಲ. ನಂಬಿದವರೂ ಹೇಳ್ತಾರ, ನಂಬಲಾರದವರೂ ಹೇಳ್ತಾರ.”

ಚಂಪಾ ನೀರು ಕುಡಿದು ಎದ್ದು ಹೊಲಕ್ಕೆ ಹೋದಳು. ನನಗೆ ಮಾತ್ರ ತಡೆಯಲಾಗಲಿಲ್ಲ. ಆ ಹುಡುಗಿ ಐದು ವರ್ಷ ನನ್ನ ಕೈಯ ರೊಟ್ಟಿ ತಿಂದಿದ್ದಾಳೆ, ಒಮ್ಮೆಯೂ ಉಪ್ಪು ಹೆಚ್ಚು ಅಂದಿಲ್ಲ, ಹೆಚ್ಚಾದ ದಿನವೂ ಅಂದಿಲ್ಲ. ಒಂದು ಪಾವು ಹುಣಸೆಬೀಜಕ್ಕಾಗಿ ಅವಳ ಜೋಳ ಕಿತ್ತು ಅಲ್ಲಿ ಕಾಗೆ ನೋಡುವ ಅಟ್ಟ ಕಟ್ಟುವುದೆಂದರೆ! ಬಾಯಿಗಳನ್ನು ತುಂಬಿಸುವುದು ನನ್ನ ಕಸುಬು. ಅವೇ ಬಾಯಿಗಳಿಂದ ಒಂದು ಮಾತು ಹೊರಡಿಸುವುದು ಏನು ಮಹಾ ಕಷ್ಟ ಅಂದುಕೊಂಡೆ.

ಮರುದಿನದಿಂದ ಹೊಸ ಪದ್ಧತಿ ಶುರು ಮಾಡಿದೆ. ಊಟಕ್ಕೆ ಕೂತವರು ‘ಕಾಡಿಗೆ ಬೀಜದಾಗಿಂದ ಬರತೈತಿ, ಚಂಪಾವತಿ ಕಂಡುಹಿಡದಾಳ’ ಎಂದರೆ ರೊಟ್ಟಿಯ ಮೇಲೆ ಒಂದು ಉಂಡೆ ಬೆಣ್ಣೆ. ನನ್ನ ಎರಡೂ ಎಮ್ಮೆ ಆಗ ಹಾಲು ಕೊಡುತ್ತಿದ್ದವು. ಮೊದಲು ಬಂದವನು ಗಾಣದ ಸಂಗಪ್ಪ.

“ಎರಡ ಸಲ ಅಂದ್ರ ಎರಡ ಉಂಡಿ ಏನ್ರಿ ಪಾರಕ್ಕಾ?”

“ಎರಡೇನು, ನಿನ್ನ ಹೊಟ್ಟಿ ಹಿಡಿಯೋವಷ್ಟು.”

“ಅಲ್ರಿ, ಈ ಚಂಪಾವತಿ ಅಂದ್ರ ಯಾರು?”

“ಬೆಣ್ಣಿ ಬೇಕೋ ಬ್ಯಾಡೋ?”

“ಕಂಡುಹಿಡದಾಳ್ರಿ, ಕಂಡುಹಿಡದಾಳ!” ಎಂದು ತಾಟು ಮುಂದೆ ಚಾಚಿದ.

ಒಂದು ಬಾಯಿಗೆ ಬೆಣ್ಣೆ ಸಿಕ್ಕಿತೆಂದರೆ ಊರಿಗೆಲ್ಲ ಸುದ್ದಿ. ಎರಡು ದಿನದಲ್ಲಿ ನನ್ನ ಖಾನಾವಳಿಯ ಹೊರಗೆ ಸಾಲು ನಿಂತಿತು. ಹಸಿವಿಲ್ಲದವರೂ ಬಂದರು. ಮಕ್ಕಳು ಆ ಮಾತನ್ನೇ ಚಪ್ಪಾಳೆಯ ಹಾಡು ಮಾಡಿಕೊಂಡು ಓಣಿಯಲ್ಲಿ ಕುಣಿದರು. ಮೊಸರು ನೆರಳು ಇರುವೆಯ ಪಂಕ್ತಿಯವರು ಮೊದಲು ಮುಖ ಸಿಂಡರಿಸಿದರು, ಆಮೇಲೆ ತಲೆಗೆ ತಲೆ ಕೊಟ್ಟು ಮಾತಾಡಿದರು. “ಎಲ್ಲಾರೂ ಆಕಿ ಹೆಸರು ಹೇಳಾಕತ್ತಾರ. ನಾವು ಹೇಳ್ಲಿಲ್ಲಂದ್ರ ನಮಗ ಏನೂ ಗೊತ್ತಿಲ್ಲಂತ ಆಗತೈತಿ,” ಎಂದರು ಇರುವೆಯವರು. ಸಂಜೆಯ ಹೊತ್ತಿಗೆ ಮೊಸರಿನವರು, ಬೀಜದಲ್ಲಿ ಕಾಡಿಗೆ ಇರುವುದನ್ನು ಚಂಪಾವತಿ ಕಂಡುಹಿಡಿದಂತೆಯೇ ಮೊಸರಿನಲ್ಲಿ ಹುಳಿ ಇರುತ್ತದೆ, ಎಂದು ಹೊಸ ಶೋಧವೊಂದನ್ನು ಸಾರಿದರು. ಯಾರೂ ನಗಲಿಲ್ಲ. ನಾನು ನಕ್ಕೆ, ಆದರೆ ಒಲೆಯ ಕಡೆ ತಿರುಗಿ.

ನನಗೆ ಒಳಗೊಳಗೇ ಹೆಮ್ಮೆ. ಐದು ವರ್ಷದಲ್ಲಿ ಆಗದ್ದನ್ನು ನನ್ನ ಎರಡು ಎಮ್ಮೆ ಐದಾರು ದಿನದಲ್ಲಿ ಮಾಡಿದ್ದವು. ಅಷ್ಟರಲ್ಲಿ ಒಂದು ಮಧ್ಯಾಹ್ನ ಫಕೀರಪ್ಪ ಏದುಸಿರು ಬಿಡುತ್ತ ಬಂದ. ಬಂದವನು ಸೊರಗಿದ್ದ.

“ಪಾರಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಏನ್ ಮಾಡೀರಿ ನೀವು? ಐದು ವರ್ಷ ಬೇವಿನ ಗಿಡದ ಕೆಳಗ ತಣ್ಣಗ ಮಲಗಿದ್ದೆ. ಈಗ ಊರಾಗಿನ ಹುಣಸಿಬೀಜ ಎಲ್ಲಾ ತೀರಿ ಹೆಂಡತಿ ತವರಿಗೆ ಮಂದಿ ಕಳಿಸೀನಿ.”

“ಬೀಜ ತೀರೂವಷ್ಟು ಆತಂದ್ರ ಚೊಲೋನ ಆತಲ್ಲೋ! ಪಾವು ತುಂಬಿತೇನು?”

“ಪಾವು ಯಾವಾಗೋ ದಾಟೈತ್ರಿ, ಅಚ್ಚೇರಿಗೆ ಬಂದೈತಿ. ಅದಲ್ರಿ. ಆಕಿ ಹೊಲದಾಗ ಕುಂತು ಅಳಾಕತ್ತಾಳ. ಬರ್ರಿ ಮೊದಲ.”

ಖುಷಿಗೆ ಅಳುತ್ತಿರಬೇಕು ಅಂದುಕೊಂಡೇ ಹೋದೆ. ಅಲ್ಲಿಯವರೆಗೆ ನಾನು ಅವಳ ಹೊಲಕ್ಕೆ ಹೋಗಿರಲಿಲ್ಲ. ನನಗೆ ಗೊತ್ತಿದ್ದ ಶೋಧಕರೆಲ್ಲ ಬಾಯಿಯಿಂದ ಕೆಲಸ ಮಾಡುವವರು. ಕೈಯಿಂದ ಮಾಡುವವರೂ ಇರುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ.

ಅವಳು ಗಿಡಗಳ ನಡುವೆ ಮೋಟು ಸ್ಟೂಲಿನ ಮೇಲೆ ಕೂತಿದ್ದಳು, ಕೈಯಲ್ಲಿ ಸೂಜಿ, ಮೊಣಕಾಲಿನ ಮೇಲೆ ಭೂತಗನ್ನಡಿ. ಎದುರಿಗೆ ಬಗ್ಗಿಸಿ ಕಟ್ಟಿದ ಒಂದು ತೆನೆ. ಜೋಳದ ಹೂವೆಂದರೆ ಸಾಸಿವೆಗಿಂತ ಚೂರು ದೊಡ್ಡದು ಅಷ್ಟೇ. ಅದು ತಾನಾಗಿ ಬಿರಿಯುವ ಮೊದಲೇ ಅದರೊಳಗಿನ ಕೇಸರವನ್ನು ಸೂಜಿಯ ಮೊನೆಯಿಂದ ಎತ್ತಿ ತೆಗೆಯಬೇಕು. ಹೂವಿನ ಹೊಟ್ಟೆಗೆ ತಾಗಬಾರದು. ಆಮೇಲೆ ಇನ್ನೊಂದು ಜೋಳದ ಪರಾಗವನ್ನು ಅದರ ಮೇಲೆ ಉದುರಿಸಿ ಬಟ್ಟೆಯ ಚೀಲ ಕಟ್ಟಬೇಕು. ಹೀಗೆ ಒಂದು ತೆನೆಯ ಹೂವುಗಳನ್ನೆಲ್ಲ ಒಂದೊಂದಾಗಿ. ಅವಳು ಉಸಿರು ಬಿಗಿಹಿಡಿದು ಸೂಜಿ ಹಾಕಿದಳು. ಓಣಿಯ ಕಡೆಯಿಂದ ಮಕ್ಕಳ ಚಪ್ಪಾಳೆ ಕೇಳಿತು. ಅವಳ ಮೈಯೆಲ್ಲ ಒಮ್ಮೆ ಎಗರಿತು, ಹೂವು ಸೀಳಿ ಎರಡಾಯಿತು. ಫಕೀರಪ್ಪ ಅಭ್ಯಾಸಬಲದಿಂದ ಒಂದು ಬೀಜ ಹಾಕಿದ.

“ಅಕ್ಕಾರ,” ಎಂದಳು. ಅವಳ ಹೆಬ್ಬೆರಳ ತುಂಬ ಸೂಜಿಯ ಗಾಯ. “ನಿಮ್ಮ ಬೆಣ್ಣಿ ಸುದ್ದಿ ಫಕೀರಣ್ಣ ಹೇಳಿದ. ನೀವು ನನಗಾಗಿ ಮಾಡೀರಿ, ಅದು ಗೊತ್ತೈತಿ. ಆದರ ನೀರು ಕುಡದ್ರೂ ಬಿಕ್ಕಳಿಕಿ ನಿಲ್ಲವಲ್ದು. ನನ್ನ ಕೈ ನಿಲ್ಲಬೇಕ್ರಿ.”

“ಗಡಿಗಿ ತುಂಬಾಕತ್ತೈತೆವ್ವಾ. ಇನ್ನ ಕೋಣಿ ಹೋಗೂದಿಲ್ಲ. ಕಿಟಕಿನೂ ಸಿಗತೈತಿ.”

“ಕಿಟಕ್ಯಾಗಿಂದ ಏನ್ ನೋಡ್ಲಿ?” ಎಂದು ಸಾಲಿನ ಕಡೆ ಕೈ ಮಾಡಿದಳು. ಮೂರು ಸಾಲು ತೆನೆ ಸೀಳಿ ಹಾಳಾಗಿದ್ದವು. “ಇನ್ನ ಬಿರಿಯಲಾರದ್ದು ಆ ಕಡೀ ಸಾಲು ಒಂದ. ನಾಲ್ಕು ದಿನದಾಗ ಅದೂ ಬಿರೀತದ. ಅದೂ ಹೋತಂದ್ರ ನನ್ನ ಕಡೆ ಬ್ಯಾರೆ ಬೀಜ ಇಲ್ಲ. ಮತ್ತ ಗುಡ್ಡದ ಜೋಳದಿಂದ ಶುರು ಮಾಡಬೇಕು.”

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಕಟ್ಟಿಗೆ ಹೆಚ್ಚಾಗಿ ಒಲೆ ಉರಿ ಮೇಲೆದ್ದರೆ ಕಟ್ಟಿಗೆ ಎಳೆಯಬೇಕು. ಅಷ್ಟು ನನಗೆ ಗೊತ್ತಿತ್ತು. ಅಂದೇ ಬೆಣ್ಣೆ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಜನ ಇನ್ನೂ ಜೋರಾಗಿ ಹೇಳತೊಡಗಿದರು, ಮತ್ತೆ ಶುರುವಾಗಲೆಂದು. ಹೇಳಿದವರಿಗೆ ಚಟ್ನಿಪುಡಿ ಇಲ್ಲವೆಂದು ಗದರಿದೆ. “ಚಂಪಾವತಿ ಕಂಡುಹಿಡದಾಳ ಅಂತ ಯಾಕ ಅನ್ನಬಾರದ್ರಿ?” ಎಂದು ಅವರು ಕೇಳಿದರು. ಆ ಪ್ರಶ್ನೆಗೇ ಹೊಲದಲ್ಲಿ ಒಂದು ಹೂವು ಸೀಳಿರಬೇಕು.

ಆಗ ಡಂಗುರದ ನೆನಪಾಗಿ ಚಂಪಾಳನ್ನು ಕರೆದುಕೊಂಡು ಶೋಧಶಾಲೆಯ ಕಚೇರಿಗೆ ಹೋದೆ. ನಾಲ್ಕು ದಿನ ಯಾರೂ ಇವಳ ಹೆಸರೆತ್ತದಂತೆ ಸಾರಿಸಿ ಎಂದು ಕೇಳಿದೆ. ಅಲ್ಲಿದ್ದ ಗುಮಾಸ್ತ ಕನ್ನಡಕ ಸರಿಮಾಡಿಕೊಂಡ. “ಡಂಗುರ ಸೇರಿನವರಿಗೆ ಅಷ್ಟ. ಈಕೀದು ಇನ್ನ ಅಚ್ಚೇರು. ಇನ್ನೊಂದು ಅಚ್ಚೇರು ಬಿಕ್ಕಳಿಸಿದ್ರ ಸುಮ್ಮನಿರೂ ಹಕ್ಕು ಬರತೈತಿ.”

“ಅಲ್ಲೋ, ಬ್ಯಾಡ ಅಂತ ಹೇಳಾಕ ಬಂದವರಿಗೆ ಇನ್ನೂ ತಗೋರಿ ಅಂತೀಯಲ್ಲ.”

“ನಿಯಮ ನಾ ಮಾಡಿಲ್ಲ ಪಾರಕ್ಕ.”

ನಿಯಮ ಮಾಡಿದವನನ್ನು ನಾನು ಈವರೆಗೆ ನೋಡಿಲ್ಲ. ಎಲ್ಲ ಕಡೆಯೂ ಮಾಡದವರೇ ಕೂತಿರುತ್ತಾರೆ.

ವಾಪಸ್ ಬರುವಾಗ ಚಂಪಾ ದಾರಿಯಲ್ಲೇ ನಿಂತಳು. “ಅಕ್ಕಾರ, ಮಾತು ನನ್ನ ಹೆಸರಿನ್ಯಾಗ ಐತಿ, ಅದಕ್ಕ ಬಿಕ್ಕಳಿಕಿ ನನಗ. ಬ್ಯಾರೆಯವರ ಹೆಸರಿನ್ಯಾಗ ಇದ್ರ?”

“ಹುಚ್ಚಿ! ಐದು ವರ್ಷದ ದುಡಿಮಿ ಮಂದೀಗೆ ಕೊಡ್ತೀಯೇನು?”

“ದುಡಿಮಿ ಹೊಲದಾಗ ಐತ್ರಿ. ಹೆಸರು ಬರೇ ಬಾಯಾಗ ಐತಿ.”

“ಗಡಿಗಿ ಖಾಲಿ ಆಗತೈತಿ. ಮಾತು ಯಾರದೋ ಬೀಜ ಅವರದು, ಅದು ನಿಯಮ. ಕೋಣಿ ಹೋಗತೈತಿ, ಪಗಾರ ಹೋಗತೈತಿ.”

“ಗೊತ್ತೈತ್ರಿ,” ಎಂದಳು. ಮತ್ತೆ ಬಿಕ್ಕಳಿಸಿದಳು. ಅವಳ ಕಣ್ಣು ಆ ಕೊನೆಯ ಸಾಲಿನ ಕಡೆಯೇ ಇತ್ತು. ನಾನು ಎರಡು ಮಾತು ಬೈದೆ, ಆಮೇಲೆ ಬಿಟ್ಟೆ. ಮಗುವಿಗೆ ಹಾಲು ಕೊಡುವ ತಾಯಿಗೆ ಸೀರೆ ಕೆಡುತ್ತದೆ ಎಂದು ಹೇಳುವುದರಲ್ಲಿ ಅರ್ಥವಿಲ್ಲ.

ಹೆಸರು ಯಾರಿಗೆ ಕೊಡುವುದು? ಬಿಕ್ಕಳಿಕೆ ಎಷ್ಟು ಬಂದರೂ ತಡೆಯುವವರು, ಕೆಲಸಕ್ಕೆ ತೊಂದರೆ ಆಗದವರು ಬೇಕು. ಅಂಥವರು ಊರಲ್ಲಿ ಒಬ್ಬರೇ. ಅವಳು ಬರುತ್ತೇನೆಂದರೂ ಬೇಡವೆಂದು ಹೊಲಕ್ಕೆ ಕಳಿಸಿ, ನಾನೊಬ್ಬಳೇ ಪಂಪಣ್ಣನವರ ಕೋಣೆಗೆ ಹೋದೆ. ಶೋಧ ನನಗೆ ಬರುವುದಿಲ್ಲ, ವ್ಯಾಪಾರ ಬರುತ್ತದೆ.

“ಸಾಹೇಬ್ರ, ಕಾಡಿಗೆ ಬೀಜದಾಗಿಂದ ಬರತೈತಿ ಅಂತ ಕಂಡುಹಿಡದವರು ನೀವ ಅಂತ ನಾಳಿಂದ ಊರು ಹೇಳಿದ್ರ ಹೆಂಗ?”

ಅವರು ಕುರ್ಚಿಯ ಕೈ ಹಿಡಿದುಕೊಂಡರು. “ಮತ್ತ ನನ್ನ ಕಾಗಿ?”

“ಕಾಗಿ ಹಂಗ ಇರ್ಲಿ. ಕಾಗೀನೂ ನಿಮ್ದ, ಬೀಜಾನೂ ನಿಮ್ದ.”

“ಎರಡೂ ಖರೆ ಇರಾಕ ಬರೂದಿಲ್ಲಲ್ಲ ಪಾರವ್ವ.”

“ಅದು ಗಡಿಗಿಗೇನ್ ಗೊತ್ತಾಗತೈತ್ರಿ?”

ಅವರು ಜೋರಾಗಿ ನಕ್ಕರು. “ನೀ ಖಾನಾವಳಿ ಇಟ್ಟು ಕೆಟ್ಟಿ. ಕಮಿಟ್ಯಾಗ ಇರಬೇಕಾಗಿತ್ತು. ಆತು, ಆಕೀಗೆ ಏನ್ ಬೇಕು?”

“ಹೊಲ. ಈ ಸುಗ್ಗಿ ಮುಗಿಯೋವರೆಗೆ, ಮತ್ತ ಮುಂದಿನ ಹಿಂಗಾರಿ ಬಿತ್ತಿ ಕೊಯ್ಯೋವರೆಗೆ. ಅಲ್ಲಿತನಕ ನಿಮ್ಮ ಅಟ್ಟ ಬ್ಯಾಡ.”

“ಕೋಣಿ ನನ್ನ ಕೈಯಾಗಿಲ್ಲ, ಪಾವು ಇಲ್ಲಂದ್ರ ಅದು ಹೋಗತದ. ಹೊಲಕ್ಕ ಎಷ್ಟು ಬಿಕ್ಕಳಿಕಿ ಅಂತ ಮಾತ್ರ ಯಾರೂ ನಿಯಮ ಮಾಡಿಲ್ಲ. ಅಲ್ಲಿ ಯಾರರೆ ಕೆಲಸಾ ಮಾಡ್ತಾರಂತ ನಿಯಮ ಮಾಡಿದವರಿಗೆ ಅನಿಸಿರಾಕಿಲ್ಲ. ಅದನ್ನ ನಾ ಕೊಡತೀನಿ.” ನಾನು ಎದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತ, ಮೆಲ್ಲಗೆ ಕೇಳಿದರು: “ಪಾರವ್ವ, ಆಕಿ ಹೇಳಿದ್ದು ಖರೇನಾ? ಬೀಜದಾಗ ಇರತೈತೇನು?”

“ಖರೆ ರೀ.”

“ಹಂಗಿದ್ರ ಅದು ಭಾಳ ದಿನ ಬಿಕ್ಕಳಿಕಿ ಕೊಡೂದಿಲ್ಲ ಬಿಡು,” ಎಂದರು.

ಮರುದಿನ ಬೆಣ್ಣೆ ಮತ್ತೆ ಶುರುವಾಯಿತು, ಹೆಸರು ಮಾತ್ರ ಬೇರೆ. ಊರು ಒಪ್ಪುತ್ತದೋ ಇಲ್ಲವೋ ಎಂದು ನನಗೆ ಅಂಜಿಕೆ ಇತ್ತು. ಸಂಗಪ್ಪ ಒಮ್ಮೆ ತಲೆ ಕೆರೆದುಕೊಂಡ. “ಮೊನ್ನೆ ಚಂಪಾವತಿ ಅಂದಿದ್ರಿ?” “ನಿನ್ನೆ ಬೆಣ್ಣಿ ಇತ್ತೇನು?” ಎಂದೆ. “ಪಂಪಣ್ಣನವರು ಕಂಡುಹಿಡದಾರ್ರಿ,” ಎಂದು ತಾಟು ಚಾಚಿದ. ಸಂಜೆಯೊಳಗೆ ಊರೆಲ್ಲ ತಿರುಗಿಕೊಂಡಿತು. ಮೊಸರು ನೆರಳು ಇರುವೆಯವರಂತೂ, ತಮಗೆ ಇದು ಮೊದಲೇ ಗೊತ್ತಿತ್ತು ಅಂದರು. ಮಕ್ಕಳ ಚಪ್ಪಾಳೆಯ ಹಾಡಿಗೆ ಹೊಸ ಹೆಸರು ಹೊಂದದೆ ಅವರು ಆ ಆಟವನ್ನೇ ಬಿಟ್ಟರು. ಹೊಲದಲ್ಲಿ ಗದ್ದಲ ನಿಂತಿತು. ಫಕೀರಪ್ಪ ಬೇವಿನ ಮರದ ಕೆಳಗೆ ಹೋಗಿ ಮಲಗಿದವನು ಎರಡು ದಿನ ಏಳಲಿಲ್ಲ.

ಬಿಡುವಾದಾಗಲೆಲ್ಲ ನಾನು ಬುತ್ತಿ ಹಿಡಿದು ಹೋಗಿ ಬದುವಿನಲ್ಲಿ ಕೂರುತ್ತಿದ್ದೆ. ಅವಳು ಸೂಜಿ ಹಾಕುವುದು, ತೆಗೆಯುವುದು, ಪರಾಗ ಉದುರಿಸುವುದು, ಚೀಲ ಕಟ್ಟುವುದು. ಕೈ ಒಮ್ಮೆಯೂ ಅಲುಗಲಿಲ್ಲ. ಕೊನೆಯ ತೆನೆಗೆ ಚೀಲ ಕಟ್ಟಿದ ಮೇಲೆ ಅವಳು ಸ್ಟೂಲಿನಿಂದ ಎದ್ದು ಸೊಂಟ ನೀವಿಕೊಂಡು, “ಹಸಿವಾಗೈತ್ರಿ ಅಕ್ಕಾರ,” ಎಂದಳು. ನಾಲ್ಕು ರೊಟ್ಟಿ ತಿಂದಳು.

ಅಳತೆಯ ದಿನ ಕಟ್ಟೆಯ ಮೇಲೆ ಗಡಿಗೆಗಳ ಸಾಲು. ಫಕೀರಪ್ಪ ಚಂಪಾಳ ಗಡಿಗೆಯಿಂದ ಕಾಡಿಗೆಯ ಮಾತಿಗೆ ಬಿದ್ದ ಬೀಜವನ್ನೆಲ್ಲ ಪಂಪಣ್ಣನವರ ಗಡಿಗೆಗೆ ಸುರಿಯಬೇಕಾಯಿತು. “ಇದೆಲ್ಲಾ ನಾ ಎಣಿಸಿದ್ದು,” ಎಂದು ಅವನು ಮೂಗು ಸೀಟಿಕೊಂಡ. ಸುರಿದ ಮೇಲೆ ಅವಳಿಗೆ ಉಳಿದದ್ದು ಒಂದು ಮುಷ್ಟಿ. ಕಮಿಟಿಯವರು ಅದನ್ನು ಪಾವಿಗೆ ಹಾಕಿ, ಅಲುಗಾಡಿಸಿ, ಮತ್ತೆ ನೋಡಿ, ತಲೆಯಾಡಿಸಿದರು. ಇಂಥ ಕಡಿಮೆ ಗುಣಮಟ್ಟದ ಶೋಧವನ್ನು ಐದು ವರ್ಷ ಸಹಿಸಿದ್ದೇ ಹೆಚ್ಚು ಎಂದು ಒಬ್ಬರು ಹೇಳಿದರು. ಚಂಪಾಳ ಹೊಲ ಎಲ್ಲಿದೆಯೆಂದು ಕೇಳಿದ್ದರೆ ಅವರಿಗೆ ದಾರಿಯೂ ತಿಳಿಯುತ್ತಿರಲಿಲ್ಲ. ಗುಮಾಸ್ತ ಚೀಲ ತಂದುಕೊಟ್ಟ. ಪಂಪಣ್ಣನವರದು ಐದು ಸೇರು ತುಂಬಿ ಚೆಲ್ಲಿತು. ಬೀಜದ ಬಗ್ಗೆ ಎರಡು ಮಾತು ಹೇಳಲು ಎದ್ದು ನಿಂತರು. ಜನ ಅವರ ಶೋಧವನ್ನು ಕೊಂಡಾಡುತ್ತಿದ್ದುದರಿಂದ ಬಿಕ್ಕಳಿಕೆಗೆ ಒಂದು ಮಾತೂ ಹೊರಡಲಿಲ್ಲ. ಭಾಷಣ ಬಹಳ ಅರ್ಥಪೂರ್ಣವಾಗಿತ್ತೆಂದು ಚಪ್ಪಾಳೆ ಬಿತ್ತು.

ಚಂಪಾ ನನ್ನ ಖಾನಾವಳಿಯ ಹಿಂದಿನ ಜೋಳ ತುಂಬುವ ಕೋಣೆಗೆ ಬಂದಳು. ಪಂಪಣ್ಣನವರು ಮಾತಿಗೆ ತಪ್ಪಲಿಲ್ಲ, ಹೊಲ ಬಿಟ್ಟುಕೊಟ್ಟರು. ಮುಂದಿನ ಹಿಂಗಾರಿಯಲ್ಲಿ ಆ ಚೀಲ ಕಟ್ಟಿದ ತೆನೆಗಳ ಕಾಳನ್ನು ಬಿತ್ತಿದಳು. ಬೇಕೆಂದೇ ಅದರ ಮೈಗೆ ಕಾಡಿಗೆ ಸವರಿ ಬಿತ್ತಿದಳು. ನಾನು ಬಾಯಿ ಬಡಿದುಕೊಂಡೆ. ಒಂದು ತೆನೆಗೂ ಹತ್ತಲಿಲ್ಲ. ರೈತರು ಬಂದು ನೋಡಿದರು, ಕಾಳು ಜಗಿದರು, “ಹೂಂ” ಅಂದರು, ಬೀಜ ಕೇಳಿ ಒಯ್ದರು. ಎರಡು ವರ್ಷದಲ್ಲಿ ಊರ ತುಂಬ ಅದೇ. ಮೊದಲು ‘ಪಂಪಣ್ಣನ ಜೋಳ’ ಅನ್ನುತ್ತಿದ್ದರು, ಈಗ ಬರೀ ಜೋಳ ಅನ್ನುತ್ತಾರೆ. ಕಾಡಿಗೆ ಏಕೆ ಬರುತ್ತದೆಂದು ಈಗ ಯಾರೂ ಮಾತಾಡುವುದಿಲ್ಲ, ಏಕೆಂದರೆ ಬರುವುದಿಲ್ಲ. ಹೀಗಾಗಿ ಕಳೆದ ಅಳತೆಯಲ್ಲಿ ಕಮಿಟಿಯವರು, ಬೀಜದ ಶೋಧ ದುರ್ಬಲವಾದದ್ದು, ಪಂಪಣ್ಣನವರ ನಿಜವಾದ ಸಾಧನೆ ಕಾಗೆಯೇ ಎಂದು ತೀರ್ಮಾನಿಸಿದರು. ಕಾಗೆಯನ್ನು ಜನ ಇನ್ನೂ ಬಯ್ಯುತ್ತಾರೆ.

ಚಂಪಾ ಬೆಳಿಗ್ಗೆ ನನ್ನ ಜೊತೆ ರೊಟ್ಟಿ ಬಡಿಯುತ್ತಾಳೆ, ಮಧ್ಯಾಹ್ನದ ಮೇಲೆ ನನ್ನ ಹಿತ್ತಲಿನಲ್ಲಿ ಶೇಂಗಾ ಗಿಡಗಳ ಮುಂದೆ ಕೂರುತ್ತಾಳೆ. ಹಿತ್ತಲು ಸಾಲದು ಅನ್ನುತ್ತಾಳೆ, ಅದು ನಿಜ. ಶೋಧಶಾಲೆಯಂಥ ಭೂತಗನ್ನಡಿ ನನ್ನಲ್ಲಿಲ್ಲ, ಅದೂ ನಿಜ. ಅಲ್ಲಿದ್ದಿದ್ದರೆ ಅವಳು ಇನ್ನೂ ನಾಲ್ಕು ಕೆಲಸ ಮುಗಿಸಿರುತ್ತಿದ್ದಳು. ಅವಳ ಕೋಣೆ ಹೋಯಿತು, ಪಗಾರ ಹೋಯಿತು, ಹೆಸರು ಹೋಯಿತು. ಮೂರರಲ್ಲಿ ಒಂದೂ ವಾಪಸ್ ಬಂದಿಲ್ಲ. ಊರಿಗೆ ಕಾಡಿಗೆ ಹತ್ತದ ಜೋಳ ಬಂತು.